ನರಿಯ ಅಂಗಳದ ಆನೆ ಹೆಜ್ಜೆಗಳು

ಮಕ್ಕಳೇ, ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇಷ್ಟು ನಿಜ ಹೇಳುವ ಮಾವ ಸುತ್ತ ಹತ್ತೂರಲ್ಲಿ ನಿಮಗೆ ಸಿಗಲ್ಲ!

ಕೆಸರುಕೊಳದ ಕಾಡಿನಲ್ಲೊಂದು ಪದ್ಧತಿಯಿತ್ತು. ಹೊಸ ಉಪಾಯ ಕಂಡುಹಿಡಿದವರು ಅದನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಆಗ ಆನೆ ಯಜಮಾನ ಅವರ ಅಂಗಳದಲ್ಲಿ ಒಂದು ಹೆಜ್ಜೆ ಒತ್ತುತ್ತಿದ್ದ. ಮಳೆಗೆ ಆ ಹೆಜ್ಜೆ ಅಳಿಯುವವರೆಗೆ ಉಪಾಯ ಅವರೊಬ್ಬರದೇ, ಆಮೇಲೆ ಎಲ್ಲರದು. ಪಟ್ಟಣದವರ ಪೇಟೆಂಟ್ ಇದ್ದ ಹಾಗೆ ಅನ್ನಿ.

ಬರಬರುತ್ತ ಯಜಮಾನನಿಗೆ ಸೋಮಾರಿತನ ಹತ್ತಿತು. "ಮಾಡಿ ತೋರಿಸು" ಅನ್ನುವುದನ್ನೇ ಬಿಟ್ಟ. ನರಿಯಪ್ಪನಿಗೆ ಅಷ್ಟೇ ಸಾಕಾಯಿತು. ಜನ್ಮದಲ್ಲಿ ಒಂದು ಹೊಲಿಗೆ ಹಾಕದವನು ಮುಳ್ಳಿನಿಂದ ಎಲೆ ಚುಚ್ಚುವುದಕ್ಕೊಂದು, ಹತ್ತಿಯ ದಾರಕ್ಕೊಂದು, ಬಾಳೆನಾರಿಗೊಂದು ಅಂತ ಬಿಲದ ಸುತ್ತ ಹೆಜ್ಜೆ ಒತ್ತಿಸಿಕೊಂಡ.

ಎಲೆ ಹೊಲಿದು ಗೂಡು ಕಟ್ಟುವ ಹಕ್ಕಿ ಸಿಂಪಿಗವ್ವ. ಇವತ್ತೋ ನಾಳೆಯೋ ಮೊಟ್ಟೆ ಇಡಬೇಕು, ಮೇಲೆ ಮೋಡ ಕಟ್ಟಿದೆ. ಅವಳು ಕೊಕ್ಕಿನಲ್ಲಿ ಹತ್ತಿ ಹಿಡಿದದ್ದೇ ತಡ, ನರಿ ಹಾಜರು.

"ಹತ್ತಿದಾರ ನಂದು ಕಣವ್ವಾ."

"ನಾರು?"

"ಅದೂ ನಂದೇ."

"ನೀನು ಹೊಲಿಯೋದೇ ಇಲ್ಲವಲ್ಲೋ!"

"ನಾನ್ಯಾಕೆ ಹೊಲಿಯಲಿ? ನೀನು ಹೊಲಿಯದಿದ್ದರೆ ಸಾಕು. ಹೊಲಿಯಲೇಬೇಕಾ? ಇಡೋ ಮೊಟ್ಟೆ ನಂಗೆ ಕೊಡು."

ಸಿಂಪಿಗವ್ವ ರೆಕ್ಕೆ ಕೊಡವಿದಳು. "ಮೊಟ್ಟೆಯೂ ಕೊಡಲ್ಲ, ಗೂಡೂ ಬಿಡಲ್ಲ. ಹೋಗೋ!"

ಹುಲ್ಲಿನಿಂದ ಕಟ್ಟಿದಳು, ಕಿತ್ತುಹೋಯಿತು. ಬಳ್ಳಿ ಸುತ್ತಿದಳು, ಜಾರಿತು. ಹಟ ಬಿಡಲಿಲ್ಲ. ಕೊನೆಗೆ ಜೇಡರ ಬಲೆಯ ಎಳೆ ಹೊಸೆದು ಎಲೆಯ ಅಂಚಿಗೆ ಅಂಟಿಸಿ ಬಿಗಿದಳು. ನಿಂತಿತು! ಯಾರೂ ಕೇಳದಿದ್ದರೂ ಎಲ್ಲರನ್ನೂ ಕರೆದು ಮಾಡಿ ತೋರಿಸಿದಳು. ಯಜಮಾನ ನಾಚಿ, ಅವಳ ಮರದಡಿ ಮೆಲ್ಲಗೆ ಹೆಜ್ಜೆ ಒತ್ತಿದ.

ಅಷ್ಟರಲ್ಲಿ ಸುರಿಯಿತು ನೋಡಿ ಮಳೆ! ನರಿಯ ಅಂಗಳದ ಹೆಜ್ಜೆಗಳೆಲ್ಲ ಹೊಂಡಗಳಾಗಿ ತುಂಬಿದವು, ಒಂದಕ್ಕೊಂದು ಸೇರಿ ನೀರು ಬಿಲದೊಳಕ್ಕೆ ನುಗ್ಗಿತು. ನರಿ ಬಾಲ ಹಿಂಡಿಕೊಳ್ಳುತ್ತ ಓಡಿಬಂದ.

"ಸಿಂಪಿಗವ್ವಾ, ನಾಲ್ಕೆಲೆ ಹೊಲಿದು ಒಂದು ಸೂರು ಮಾಡಿಕೊಡೇ!"

"ಹೊಲಿಗೆಯೆಲ್ಲ ನಿಂದೇ ಅಲ್ಲವೇನೋ? ಹೊಲಿದುಕೋ, ಯಾರು ಬೇಡ ಅಂದರು?"

ನರಿ ಮುಳ್ಳು ತೆಗೆದುಕೊಂಡ. ಮೊದಲು ಚುಚ್ಚಿದ್ದು ತನ್ನ ಮೂಗನ್ನೇ.

ಮಳೆ ನಿಲ್ಲುವ ಹೊತ್ತಿಗೆ ಎಲ್ಲ ಹೆಜ್ಜೆಗಳೂ ಅಳಿದಿದ್ದವು, ಸಿಂಪಿಗವ್ವನದೂ ಕೂಡ. ಕಾಡಿಗೆ ಕಾಡೇ ಜೇಡರೆಳೆ ಹುಡುಕಿ ಹೊರಟಿತು. ಅವಳಿಗೇನು? ಗೂಡಿನಲ್ಲಿ ಮೊಟ್ಟೆಗಳು ಬೆಚ್ಚಗಿದ್ದವು. ಯಜಮಾನನಂತೂ ಈಗ ಕಾಲೆತ್ತುವ ಮೊದಲೇ "ಮಾಡಿ ತೋರಿಸು" ಅಂತಾನೆ.

ಎಲ್ಲ ನಿಜ ಮಕ್ಕಳೇ. ಒಂದೇ ಒಂದು ಚೂರು ನಾನು ಸೇರಿಸಿದ್ದು. ನರಿ ಬಾಲ ಹಿಂಡಿಕೊಳ್ಳಲಿಲ್ಲ, ಬರೀ ಕೊಡವಿದ.

ನೀತಿ: ಹಕ್ಕು ಇರುವುದು ಹೊಸದನ್ನು ಮಾಡುವವರಿಗೆ ಕಾವಲಾಗಿ; ಬೇರೆಯವರ ಕೈ ಕಟ್ಟಲೆಂದೇ ಅದನ್ನು ಕೂಡಿಟ್ಟವನಿಗೆ ಅಗತ್ಯ ಬಿದ್ದಾಗ ತನ್ನ ಕೈಯೂ ನೆರವಿಗೆ ಬಾರದು.