ಮೇಲ್ಗೆರೆ ಏರಿಯ ಮಣ್ಣು

ಒಂದೇ ಹಳ್ಳಕ್ಕೆ ಎರಡು ಕೆರೆ, ಎರಡು ಏರಿಯಲ್ಲೂ ಏಡಿಗಳ ಊರು, ಊರಿಗೊಬ್ಬರು ಯಜಮಾನರು. ಮುಂಗಾರಿನ ಮೋಡ ಕಟ್ಟಿತೆಂದರೆ ಕೆಳಗೆರೆಯ ಯಜಮಾನನಿಗೆ ಕೂತಲ್ಲಿ ಕೂರಲಾಗದು. ಮೇಲಿನ ಏರಿ ಒಡೆದರೆ ತನ್ನೂರಿನ ಮರಿಗಳೆಲ್ಲ ಕೊಚ್ಚಿಹೋಗುತ್ತವಲ್ಲ! ತನ್ನ ಏರಿಯ ಈ ತುದಿಯಿಂದ ಆ ತುದಿಗೆ ಮೂರು ಸಲ ಓಡಾಡಿದ. ಅದು ಎಷ್ಟು ಎತ್ತರ ಕಂಡರೂ ಸಮಾಧಾನವಾಗದೆ ಮೇಲ್ಗೆರೆಗೇ ಹತ್ತಿಹೋದ.

"ಏನಮ್ಮ, ನಿಮ್ಮ ಏರಿ ತುಂಬ ತೂತು. ಮಣ್ಣು ಮೆತ್ತಬಾರದೆ?" ಎಂದು ಅಲ್ಲಿಯ ಯಜಮಾನಿಯನ್ನು ಗದರಿದ.

"ಮೆತ್ತುತ್ತೇವೆ ಯಜಮಾನರೇ. ಮೆತ್ತಿ ಅತ್ತ ತಿರುಗುವುದರೊಳಗೆ ಕಿತ್ತುಕೊಂಡು ಹೋಗುತ್ತಾರೆ."

"ಯಾರವರು, ಬುದ್ಧಿಯಿಲ್ಲದವರು?"

"ಇಗೋ ಬಂದರು. ನೀವೇ ಕೇಳಿ."

ಮಣ್ಣುಂಡೆ ಹೊತ್ತ ಏಡಿಗಳ ಸಾಲೊಂದು ಏರಿ ಇಳಿಯುತ್ತಿತ್ತು. ಮುಂದಿನವನು ಹಿಗ್ಗಿನಿಂದ ಕೈಮುಗಿದ.

"ನಮಸ್ಕಾರ ಯಜಮಾನರೇ. ಇದಿಷ್ಟು ಹಾಕಿದರೆ ನಮ್ಮ ಏರಿ ಇನ್ನೊಂದು ಗೇಣು ಏರುತ್ತದೆ. ನೀವು ಹೇಳಿದಂತೆ ಒಳ್ಳೆ ಜಿಗುಟು ಮಣ್ಣನ್ನೇ ಹುಡುಕಿದ್ದೇವೆ."

ಯಜಮಾನನ ಕಣ್ಣೆರಡೂ ಚಿಪ್ಪಿನೊಳಗೆ ಹೋದವು. ಆಚೆ ಗುಡ್ಡದ ಮೇಲೆ ಗುಡುಗು ಉರುಳಿತು.

"ತಿರುಗಿ ಹಿಂದಕ್ಕೆ. ಎಲ್ಲವನ್ನೂ ಇಲ್ಲೇ ಮೆತ್ತಿ."

"ಇದು ಅವರ ಏರಿ ಅಲ್ಲವೇ?"

"ಬರುವ ನೀರಿಗೆ ಹಾಗಂತ ಹೇಳಿ ನೋಡು," ಎನ್ನುತ್ತ ಅವನ ಉಂಡೆಯನ್ನು ಕಸಿದು ತಾನೇ ತೂತಿಗೆ ಒತ್ತತೊಡಗಿದ.

ಯಜಮಾನಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಈ ತೂತು ನಿಮಗೆ, ಮೇಲಿನವು ನಮಗೆ. ನಾಳೆ ನಿಮ್ಮ ಏರಿಗೆ ನಾವೂ ಬರುತ್ತೇವೆ. ಮಣ್ಣು ಮಾತ್ರ ಇನ್ನು ಕೆರೆಯ ಹೂಳಿನಿಂದ ತರೋಣ, ಯಜಮಾನರೇ."