ಒರಳಿನೊಳಗಿನ ಕೈ

“ನಿಮ್ಮ ಪಾಲಿಂದೂ ಸೇರಿಸಿ ದೇವರನ್ನ ನಾನೇ ನಂಬಿದ್ದೆ. ಇನ್ಮೇಲೆ ನಿಮ್ಮದು ನೀವೇ ನೋಡ್ಕೊಳ್ಳಿ.”

ನನ್ನ ಹೆಂಡತಿ ಸಾಕಮ್ಮ ಕೊನೆಗೆ ಆಡಿದ ಮಾತು ಇದು. ಆಮೇಲೆ ನೀರು ಕೂಡ ಕೇಳಲಿಲ್ಲ.

ಅವಳು ಪೂಜೆಗೆ ಕೂತಾಗ ನಾನು ಹೊರಗಿನ ಜಗಲಿಯಲ್ಲಿ ಇರುತ್ತಿದ್ದೆ. “ಅಷ್ಟು ಗಂಟೆ ಬಾರಿಸ್ತೀಯಲ್ಲ, ನಿನ್ನ ದೇವರಿಗೇನು ಕಿವುಡೇ?” ಅನ್ನುತ್ತಿದ್ದೆ. “ದೇವರಿಗಲ್ಲ, ನಿಮಗೆ,” ಅನ್ನುತ್ತಿದ್ದಳು.

ಅವಳು ಹೋದ ಮೇಲೆ ಆ ದೇವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಠದ ಗುರುಗಳ ಹತ್ತಿರ ಹೋದೆ. ಅಂಗೈಯಗಲದ ಹಿತ್ತಾಳೆ ಮೂರ್ತಿ. ಪೂಜೆ ಮಾಡುವವರಿಲ್ಲದ ಮನೆಯ ದೇವರನ್ನು ಮಠಕ್ಕೆ ಒಪ್ಪಿಸುವುದು ನಮ್ಮ ಕಡೆಯ ರೂಢಿ.

“ಇದು ಇಲ್ಲೇ ಇರಲಿ ಸ್ವಾಮಿ,” ಅಂದೆ. “ಅವಳು ಹಾಸಿಗೆ ಹಿಡಿದ ಮೇಲೂ ಕೂತು ಕೈ ಮುಗಿದಳು. ಕೂರಲಾಗದಾಗ ಮಲಗಿಯೇ ಮುಗಿದಳು. ಹಾಗೆ ನಂಬಿದವಳಿಗೇ ಇಂಥ ಏಟು ಬಿತ್ತು. ನಾನು ಏನನ್ನು ನೋಡಿ ನಂಬಲಿ?”

ಗುರುಗಳು ಗಂಟನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಒಂದೂರಲ್ಲಿ ಅವಲಕ್ಕಿ ಕುಟ್ಟುವವನೊಬ್ಬನಿದ್ದ. ಅವನು ಒನಕೆ ಹಿಡಿದು ಕುಟ್ಟುವನು. ಹೆಂಡತಿ ಒರಳಿನ ಪಕ್ಕ ಕೂರುವಳು. ಒನಕೆ ಮೇಲೆದ್ದಾಗ ಒರಳಿಗೆ ಕೈ ಹಾಕಿ ಭತ್ತವನ್ನು ಮಗುಚುವಳು. ಒನಕೆ ಇಳಿಯುವ ಹೊತ್ತಿಗೆ ಕೈ ಹೊರಗಿರಬೇಕು. ನಿಧಾನ ಮಾಡುವ ಹಾಗೂ ಇಲ್ಲ. ನೆನೆಸಿ ಹುರಿದ ಭತ್ತವನ್ನು ಬಿಸಿ ಇರುವಾಗಲೇ ಕುಟ್ಟಬೇಕು. ಆರಿದರೆ ನುಚ್ಚಾಗುತ್ತದೆ.

ಹಬೆಯಲ್ಲಿ ಅವನಿಗೆ ಅವಳ ಕೈ ಕಾಣದು. ಅವಳು ಒನಕೆಯ ಕಡೆ ನೋಡಳು. ಒಂದು ಸಲ ಒನಕೆಯ ಸದ್ದು, ಒಂದು ಸಲ ಬಳೆಯ ಸದ್ದು. ಇಬ್ಬರೂ ನಿದ್ದೆಯಲ್ಲಿ ನಡೆಯುವವರ ಹಾಗೆ ಇದ್ದುಬಿಡುವರು. ಹೊತ್ತು ಏರಿದ್ದೂ ತಿಳಿಯದು, ಇಳಿದದ್ದೂ ತಿಳಿಯದು.

ಅವಲಕ್ಕಿ ಕೊಳ್ಳಲು ಬಂದ ವ್ಯಾಪಾರಿ ಒಮ್ಮೆ ಕೇಳಿದ, “ಏನಮ್ಮಾ, ಗಂಡನ ಜೊತೆ ಜಗಳ ಆದ ದಿನವೂ ಹೀಗೇ ಕೈ ಇಡ್ತೀಯಾ?”

“ಅವತ್ತು ಅವಲಕ್ಕಿ ಇನ್ನೂ ತೆಳ್ಳಗೆ ಬರುತ್ತೆ. ಅವತ್ತೇ ಬಂದು ತಗೊಂಡು ಹೋಗಿ,” ಅಂದಳು.

ಅವರಿಗೆ ಒಬ್ಬಳೇ ಮಗಳು. ಜ್ವರ ಬಂದು ಹೋಗಿಬಿಟ್ಟಳು.

ಕೆಲವು ದಿನ ಒರಳು ಖಾಲಿ ಇತ್ತು. ಹೊಟ್ಟೆ ಕೇಳಬೇಕಲ್ಲ, ಮತ್ತೆ ಭತ್ತ ಹುರಿದರು. ಗಂಡ ಒನಕೆ ಎತ್ತಿದ. ಹಬೆಯೊಳಗೆ ಮಗಳ ಮುಖ ಕಂಡಂತಾಯಿತು. ಲಯ ತಪ್ಪಿತು. ಒನಕೆ ಹೆಂಡತಿಯ ಬೆರಳ ಮೇಲೆ ಬಿತ್ತು.

ಅವನು ಒನಕೆ ಬಿಸಾಡಿದ. ಅವಳು ಸೆರಗು ಹರಿದು ಬೆರಳಿಗೆ ಸುತ್ತಿಕೊಂಡಳು. ಎಡಗೈಯನ್ನು ಒರಳಿಗೆ ಹಾಕಿದಳು.

“ಎತ್ತಿ. ಭತ್ತ ಆರ್ತಾ ಇದೆ.”

“ನಿನಗೇನು ಹುಚ್ಚೇ? ನನ್ನ ಕೈ ನಡುಗ್ತಾ ಇದೆ ಕಣೇ.”

“ನನ್ನ ಕೈ ಒಳಗಿದ್ದರೆ ತಾನೇ ನಿಮ್ಮದು ನಿಲ್ಲೋದು? ಎತ್ತಿ ಅಂದೆ.”

ಅವನು ಎತ್ತಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅವರ ದನಿ ಸಣ್ಣದು. ಅವರು ನಿಲ್ಲಿಸಿದ ಮೇಲೂ ಎಲ್ಲೋ ದೂರದಲ್ಲಿ ಯಾರೋ ಕುಟ್ಟುತ್ತಿರುವ ಹಾಗೆ ನನಗೆ ಕೇಳಿಸುತ್ತಲೇ ಇತ್ತು.

“ಆಮೇಲೆ?” ಅಂದೆ.

“ಆಮೇಲೆ ಬಳೆಯ ಸದ್ದಾಯಿತು,” ಅಂದರು.

ನನಗೆ ಸಿಟ್ಟು ಬಂತು. “ಅವಳಿಗೇನು ಸ್ವಾಮಿ, ಎದುರಿಗೆ ಗಂಡನಿದ್ದ. ನನ್ನನ್ನು ಕುಟ್ಟುವವನ ಮುಖವನ್ನೇ ನಾನು ಕಂಡಿಲ್ಲ. ಏಟು ಬೀಳುತ್ತದೆ ಅಂತ ಗೊತ್ತಿದ್ದೂ ಕೈ ಇಡುವವನು ನಾನಲ್ಲ. ಎಂದೂ ಇಟ್ಟವನಲ್ಲ.”

ಗುರುಗಳು ನನ್ನನ್ನೇ ನೋಡಿದರು.

“ಕೈ ಹೊರಗೇ ಇಟ್ಟುಕೊಂಡಿದ್ದೆಯಲ್ಲ ಹೊನ್ನಯ್ಯ, ನಿನಗೆ ಏಟು ತಪ್ಪಿತೇ?”

ನಾನು ಎದ್ದೆ. ಗಂಟು ಎತ್ತಿಕೊಂಡು ಊರಿಗೆ ಬಂದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಬೇಲಿಯ ಹತ್ತಿರ ಹೋಗಿ ನಿಂತೆ. ದಾಸವಾಳ ಬಿಟ್ಟಿತ್ತು. ದೇವರಿಗೆ ಎಷ್ಟು ಹೂ ಇಡಬೇಕು ಅಂತ ಆ ಮನೆಯ ಸೊಸೆಯನ್ನೇ ಕೇಳಿದೆ.