ಮದ್ದು ಹಾಕಿದವರು ಯಾರು?

“ಕೇಳಿರಪ್ಪಾ ಕೇಳಿ! ಅರಸರಾದ ಮಲ್ಲರಾಯರಿಗೆ ಯಾರೋ ಮದ್ದು ಹಾಕಿದ್ದಾರೆ! ಒಸಡಿನಿಂದ ರಕ್ತ ಸೋರಿ ಅರಸರು ಸೊರಗಿದ್ದಾರೆ. ಬೇರುನಾರಿನ ಚೌಡವ್ವ ಸೆರೆಯಲ್ಲಿದ್ದಾಳೆ. ರಾಜಕುಮಾರಿ ಪದ್ಮಲೆಯ ಮೂರು ಒಗಟು ಒಡೆದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ. ಯಾರೂ ಒಡೆಯದಿದ್ದರೆ ಅಮಾವಾಸ್ಯೆಗೆ ಚೌಡವ್ವನಿಗೆ ಶೂಲ!”

ಹೀಗೆ ತಮಟೆ ಹೊಡೆದು ಸಾರಿದವನು ಚೌಡವ್ವನ ಮಗ ದ್ಯಾವ. ಹೆತ್ತವಳ ಸಾವನ್ನು ಮಗನ ಬಾಯಲ್ಲೇ ಸಾರಿಸಿದರು, ನೋಡಿ ಅರಮನೆಯ ನ್ಯಾಯ! ಕಾಯಿಲೆ ಕಳೆಯುವುದೂ ಮದ್ದೇ, ಅನ್ನದಲ್ಲಿ ಕಲೆಸಿ ಕೊಲ್ಲುವುದೂ ಮದ್ದೇ. ಬಡವರ ಕೈಯಲ್ಲಿದ್ದರೆ ಮಾತ್ರ ಅದು ಯಾವಾಗಲೂ ಎರಡನೆಯದೇ.

ರಾಜಕುಮಾರಿಯ ಕೈ ಕೇಳುವ ಆಸೆಯಿಂದ ಪಾಳೆಯಗಾರನ ಮಗ ಮೊದಲು ಬಂದ. ಪದ್ಮಲೆ ಕೇಳಿದಳು: “ಮನೆ ಒಂದು, ಬಾಗಿಲು ಎರಡು. ಒಬ್ಬೊಬ್ಬರಾಗಿ ಬಂದರೆ ನೆಂಟರು, ಇಬ್ಬರೂ ಕೂಡಿ ಬಂದರೆ ಹಗೆಗಳು. ಯಾರವರು?”

“ಸವತಿಯರು!” ಎಂದು ಮೀಸೆ ತಿರುವಿದ. ಸಭೆ ನಕ್ಕಿತು, ಅಮಾವಾಸ್ಯೆಗೆ ತಲೆ ತೆಗೆಯಲೆಂದು ಭಟರು ಅವನನ್ನು ಸೆರೆಗೆ ಎಳೆದರು.

ಆಮೇಲೆ ಬಂದ ಆಸ್ಥಾನ ಕವಿ ಮೊದಲ ಒಗಟಿಗೆ ಹಗಲು ಇರುಳು ಎಂದ. ಅವನೂ ಸೆರೆ ಸೇರಿದ. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ದ್ಯಾವ ಬಂದ. ತಮಟೆಯನ್ನು ಹೆಬ್ಬಾಗಿಲ ಹೊರಗೇ ಇಟ್ಟು ಬರಬೇಕೆಂಬುದು ಅರಮನೆಯ ಕಟ್ಟಳೆ. ಅವನು ಇಡಲಿಲ್ಲ.

“ಏಯ್, ಅದನ್ನ ಆಚೆ ಇಡೋ!” ಎಂದು ಕಾವಲುಗಾರ ಗದರಿದ.

“ನಮ್ಮವ್ವನ ಸಾವು ಸಾರೋಕೆ ಬೇಕಾಯ್ತಲ್ಲ ಇದು? ಅವಳ ಉಳಿವು ಸಾರೋಕೂ ಬೇಕಾಗ್ತದೆ. ಬಿಡು ದಾರಿ!”

ರಾಜಕುಮಾರಿ ಕೈಸನ್ನೆ ಮಾಡಿದಳು. ದ್ಯಾವ ಒಳಗೆ ಬಂದು, ಮೊದಲ ಒಗಟು ಕೇಳಿಸಿಕೊಂಡು, ರಾಜವೈದ್ಯರ ಕಡೆ ತಿರುಗಿದ.

“ಸ್ವಾಮಿ, ಅರಸರಿಗೆ ನೀವೇನು ಕೊಡ್ತಿದ್ರಿ?”

“ಎದೆಯಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಅದನ್ನು ತಿಳಿಮಾಡುವ ಗುಳಿಗೆ.”

“ಹಂಗಾದ್ರೆ ಉತ್ತರ ಸಿಕ್ತು ತಾಯಿ. ಮನೆ ಅಂದ್ರೆ ಅರಸರ ಮೈ. ಅರಮನೆ ಮುಂಬಾಗಿಲಿಂದ ವೈದ್ಯರ ಗುಳಿಗೆ ಬಂತು, ಹಿಂಬಾಗಿಲಿಂದ ಗುಟ್ಟಾಗಿ ನಮ್ಮವ್ವನ ಬೆಳ್ಳುಳ್ಳಿ ಲೇಹ್ಯ. ಎರಡೂ ಒಳ್ಳೇವೇ, ಕೂಡಿದ್ದೇ ಕೆಟ್ಟದ್ದು.”

ಸಭೆಯಲ್ಲಿ ಗುಸುಗುಸು ಎದ್ದಿತು. ಅರಸರು ಹೊಲಗೇರಿಯ ಲೇಹ್ಯ ತಿಂದರೇ? ಸಿಂಹಾಸನಕ್ಕೆ ಒರಗಿದ್ದ ಮಲ್ಲರಾಯನ ಮುಖ ಕಪ್ಪಿಟ್ಟಿತು.

ಪದ್ಮಲೆ ಎರಡನೆಯ ಒಗಟು ಕೇಳಿದಳು: “ಮಳೆಯಿಲ್ಲ, ಕೆರೆ ಏರಿ ಒಡೆದಿಲ್ಲ. ಆದರೂ ಹೊಳೆ ದಡ ಮೀರಿತು. ಯಾವ ಹೊಳೆ?”

“ರಕ್ತ ತಾಯಿ. ಗುಳಿಗೆ ಅದನ್ನ ತಿಳಿಮಾಡ್ತದೆ, ಬೆಳ್ಳುಳ್ಳಿನೂ ಅದನ್ನೇ ಮಾಡ್ತದೆ. ಇಬ್ರೂ ಸೇರಿ ನೀರು ಮಾಡಿಬಿಟ್ರು. ಒಸಡಲ್ಲಿ ಸೋರ್ತಿರೋದು ಅದೇ.”

ಪದ್ಮಲೆಯ ದನಿ ಸಣ್ಣಗಾಯಿತು. “ಕೊಟ್ಟವರ ಕೈಯಲ್ಲಿ ವಿಷವಿಲ್ಲ, ಕೊಟ್ಟದ್ದರಲ್ಲೂ ವಿಷವಿಲ್ಲ. ಹಾಗಾದರೆ ಮದ್ದು ಹಾಕಿದವರು ಯಾರು?”

ದ್ಯಾವ ಅರಸರ ಕಡೆ ನೋಡಿದ. ಹೇಳಿದರೂ ತಲೆ, ಬಿಟ್ಟರೂ ತಲೆ. ಲೇಹ್ಯ ಕೊಡುವ ಮೊದಲು “ಇನ್ನೇನು ತಿಂತಿದ್ದೀಯಪ್ಪಾ?” ಎಂದು ಯಾರನ್ನೇ ಆದರೂ ಕೇಳುವುದು ಅವ್ವನ ರೂಢಿ. ಅರಸರನ್ನೂ ಕೇಳಿದ್ದಳು. ಅವರ ಉತ್ತರವನ್ನು ಮನೆಗೆ ಬಂದು ಮಗನಿಗೆ ಹೇಳಿದ್ದಳು.

“ಅರಸರ ನಾಲಿಗೆ!” ಎಂದ ದ್ಯಾವ. “ಇನ್ನೇನು ತಿಂತಿದ್ದೀರಿ ಬುದ್ಧಿ ಅಂತ ನಮ್ಮವ್ವ ಕೇಳಿದ್ರೆ, ಏನೂ ಇಲ್ಲ ಅಂದ್ರು. ವೈದ್ಯರ ಹತ್ರ ನಮ್ಮ ಹೆಸರೆತ್ತೋಕೆ ನಾಚಿಕೆ. ನಮ್ಮ ಮನೆ ಲೇಹ್ಯ ರುಚಿ, ನಮ್ಮ ಹೆಸರು ಮೈಲಿಗೆ! ತನಗೆ ತಾನೇ ಮದ್ದು ಹಾಕ್ಕೊಂಡು ನಮ್ಮವ್ವನ್ನ ಶೂಲಕ್ಕೇರಿಸ್ತಾರೆ. ಈಗ ತೆಗೀರಿ ನನ್ನ ತಲೆ!”

ಭಟರು ಕತ್ತಿ ಹಿರಿದರು. ಪದ್ಮಲೆ ಅಡ್ಡ ನಿಂತಳು. “ಮೂರೂ ಸರಿ. ನೀವು ಹಿಂಬಾಗಿಲಲ್ಲಿ ಲೇಹ್ಯ ತಿನ್ನುವುದನ್ನು ನಾನೇ ಕಂಡಿದ್ದೆ, ಅಪ್ಪಾಜಿ. ನಾನು ಹೇಳಿದಾಗ ನನ್ನ ಬಾಯಿ ಮುಚ್ಚಿಸಿದಿರಿ. ಅದಕ್ಕೇ ಒಗಟು ಕಟ್ಟಿದೆ, ತಲೆ ಒತ್ತೆಯಿಟ್ಟು ಹೇಳುವವನು ಬೇಕಿತ್ತು.”

ಮಲ್ಲರಾಯ ಕೈಯೆತ್ತಿ ಭಟರನ್ನು ಹಿಂದೆ ಸರಿಸಿದ. ಆಮೇಲೆ ಕೇಳಿದ: “ಏನು ಬೇಕೋ ನಿನಗೆ? ಅರ್ಧ ರಾಜ್ಯವೋ? ಮಗಳೋ?”

“ರಾಜ್ಯ ನೀವೇ ಇಟ್ಕೊಳ್ಳಿ. ರಾಜಕುಮಾರಿ ತಾಯೀನೇ ಕೇಳದೆ ಎತ್ತಿ ಕೊಡೋಕೆ ಅವರೇನು ಲೇಹ್ಯಾನಾ? ಸೆರೇಲಿರೋರ್ನೆಲ್ಲ ಬಿಡಿ. ಇನ್ನೊಂದು ಬಾಕಿ ಇದೆ.” ದ್ಯಾವ ಕೊರಳಿಂದ ತಮಟೆ ತೆಗೆದು ಅರಸನ ಮುಂದೆ ಹಿಡಿದ. “ನಮ್ಮವ್ವ ಮದ್ದು ಹಾಕಿದ್ಲು ಅಂತ ನನ್ನ ಬಾಯಲ್ಲಿ ಸಾರಿಸಿದ್ರಿ. ಹಾಕಿದವರು ಯಾರು ಅಂತ ನಿಮ್ಮ ಬಾಯಲ್ಲಿ ಸಾರಿ.”

ಮಂತ್ರಿ ಕಿವಿ ಮುಚ್ಚಿಕೊಂಡ. ಅರಸ ಮಗಳ ಹೆಗಲು ಹಿಡಿದು ಎದ್ದ. ತಮಟೆಯನ್ನು ಕೊರಳಿಗೆ ಹಾಕಿಕೊಂಡು ಹೆಬ್ಬಾಗಿಲಿಗೆ ನಡೆದ. ಸೆರೆಯಿಂದ ಬಂದ ಚೌಡವ್ವ ಅಲ್ಲೇ ನಿಂತಿದ್ದಳು. ಅರಸ ಒಂದು ಪೆಟ್ಟು ಹೊಡೆದ. ಇನ್ನೊಂದು ಹೊಡೆದ.

“ಕೇಳಿರಪ್ಪಾ ಕೇಳಿ,” ಎಂದ ಮಲ್ಲರಾಯ. “ಮದ್ದು ಹಾಕಿದವನು ನಾನು.”